ಒರಿಜಿನಲ್ ಬೇಕಾ, ಓಡೋದು ಬೇಕಾ?

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಮಾಲಿಗೆ ನಾನಾ ಜಾತಿಗಳಿವೆ. ಕಾರು ಮಾಡಿದವರೇ ತಮ್ಮ ಮುದ್ರೆ ಒತ್ತಿ ಮಾರಿದ್ದು ‘ಕಂಪನಿ ಮಾಲು’. ಆ ಕಾರ್ಖಾನೆಗೆ ಭಾಗಗಳನ್ನು ಒದಗಿಸುತ್ತಿದ್ದವರು ಅದನ್ನೇ ತಮ್ಮ ಡಬ್ಬದಲ್ಲಿ ಹಾಕಿ ಮಾರಿದರೆ ‘ಓ.ಇ.’. ಇಬ್ಬರಿಗೂ ಸಂಬಂಧವಿಲ್ಲದ ಮೂರನೆಯವರು ಮಾಡಿದ್ದು ‘ಲೋಕಲ್’. ಲೋಕಲ್‌ನಲ್ಲೇ ಸ್ವಲ್ಪ ಮರ್ಯಾದಸ್ಥ ಮಾಲಾದರೆ ‘ಫಸ್ಟ್ ಕ್ವಾಲಿಟಿ’. ಎಲ್ಲಿಂದ ಬಂತೆಂದು ಹೇಳಲು ಅಂಗಡಿಯವರಿಗೇ ಸಂಕೋಚವಾದರೆ ‘ಡೆಲ್ಲಿ ಮಾಲು’. ಇನ್ನೊಂದು ಕಾರಿನಿಂದ ಬಿಚ್ಚಿ ತಂದದ್ದು ‘ಗುಜರಿ’. ಇವೆಲ್ಲವನ್ನೂ ಮೀರಿದ್ದು ಗಲ್ಲಾಪೆಟ್ಟಿಗೆಯ ಹಿಂದಿನ ಅಟ್ಟದಲ್ಲಿ, ಧೂಳು ಹಿಡಿದ ಡಬ್ಬದೊಳಗೆ, ಮೂವತ್ತು ನಲವತ್ತು ವರ್ಷ ಯಾವ ಕಾರಿಗೂ ಏರದೆ ಕೂತಿರುವ ‘ಹಳೇ ಸ್ಟಾಕ್’. ಇಂಗ್ಲೆಂಡ್ ಅಮೆರಿಕದ ಹಳೇ ಕಾರಿನ ಹುಚ್ಚರು ಇದನ್ನು ಎನ್.ಓ.ಎಸ್. ಎನ್ನುತ್ತಾರೆ. ಎನ್ನುವಾಗ ದೇವರ ಹೆಸರು ಹೇಳಿದಷ್ಟೇ ಭಕ್ತಿ.

ಗಿರಾಕಿ ಯಾವ ಪಂಗಡದವನೆಂದು ತಿಳಿಯಲು ಅಂಗಡಿಯವರ ಹತ್ತಿರ ಒಂದೇ ಪ್ರಶ್ನೆ ಇರುತ್ತದೆ: “ಸಾರ್, ಒರಿಜಿನಲ್ ಬೇಕಾ, ಓಡೋದು ಬೇಕಾ?”

ಅವರು ತಮಾಷೆಗೆ ಕೇಳುವುದಿಲ್ಲ. ಎರಡಕ್ಕೂ ಬೇರೆ ಬೇರೆ ಕಪಾಟುಗಳಿವೆ, ಬೇರೆ ಬೇರೆ ರೇಟುಗಳಿವೆ. ಒರಿಜಿನಲ್ ಬೇಕೆನ್ನುವವರನ್ನು ಮೂಲವಾದಿಗಳೆಂದು ಕರೆಯಬಹುದು. ಅವರ ನಡವಳಿಕೆಯೂ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಬೇರೆಯವರ ಕಾರಿನ ಬಾನೆಟ್ ಎತ್ತಿ, “ಈ ಹೋಸ್ ಕ್ಲಿಪ್ಪು ಆಮೇಲಿನದು” ಎಂದು ತೀರ್ಪು ಕೊಟ್ಟು, ಕಾಫಿಯನ್ನೂ ಕುಡಿಯದೆ ಹೊರಟುಬಿಡುತ್ತಾರೆ. ಓಡೋದು ಬೇಕೆನ್ನುವವರು ಇನ್ನೊಂದು ತುದಿ. ಅವರ ಕಾರಿನಲ್ಲಿ ಮಾರುತಿ ವ್ಯಾನಿನ ಹಾರ್ನು, ಆಟೊರಿಕ್ಷಾದ ಇಂಡಿಕೇಟರು, ಯಾವುದೋ ಟ್ರ್ಯಾಕ್ಟರಿನ ಸ್ವಿಚ್ಚು ಎಲ್ಲವೂ ಜಾತ್ಯತೀತವಾಗಿ ಬಾಳ್ವೆ ಮಾಡುತ್ತಿರುತ್ತವೆ. ಮೊದಲ ಪಂಗಡದವರ ಕಾರು ಶೆಡ್ಡಿನಲ್ಲಿರುತ್ತದೆ, ಎರಡನೆಯವರದು ರಸ್ತೆಯಲ್ಲಿ; ಆದರೆ ಕೆಟ್ಟು ನಿಂತಿರುವುದೂ ರಸ್ತೆಯಲ್ಲೇ.

ನಾನು ಈ ಎರಡರ ನಡುವೆ ತೂಗುಯ್ಯಾಲೆಯಾಡುವವನು. ನನ್ನ ಹತ್ತಿರ ಇರುವುದು ಪ್ರೀಮಿಯರ್ ಪದ್ಮಿನಿ. ಫಿಯೆಟ್ ಎಂದರೂ ಅದೇ. ಸ್ಟೀರಿಂಗಿನ ಪಕ್ಕದಲ್ಲೇ ಹ್ಯಾಂಡ್ ಗೇರು, ಮುಂದೆ ಮೂವರು ಒತ್ತಿಕೊಂಡು ಕೂರುವ ಉದ್ದ ಸೀಟು, ಗಾಳಿಗೆ ತಿರುಗಿಸಿಕೊಳ್ಳುವ ಕ್ವಾರ್ಟರ್ ಗ್ಲಾಸು, 1089 ಸಿ.ಸಿ. ಎಂಜಿನ್ನು. “ಈ ಕಾರಿಗೆ ಸುರಿದ ದುಡ್ಡಲ್ಲಿ ಹೆಸರಘಟ್ಟದ ಕಡೆ ಒಂದು ಸೈಟಾಗ್ತಿತ್ತು” ಎಂದು ಮನೆಯಲ್ಲಿ ಆಗಾಗ ಲೆಕ್ಕ ಮಂಡನೆಯಾಗುತ್ತದೆ. ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಸೈಟಿಗೆ ಹ್ಯಾಂಡ್ ಗೇರಿಲ್ಲ ಎಂದು ಹೇಳಬಹುದು, ಆದರೆ ಮನೆಯಲ್ಲಿ ಊಟವೂ ಬೇಕಲ್ಲ.

ಈ ಕಾರಿನ ವಿಷಯದಲ್ಲಿ ಒರಿಜಿನಲ್ ಎಂದರೆ ಯಾವುದು? ತಕರಾರು ಇಲ್ಲಿಂದಲೇ ಶುರು. ಫಿಯೆಟ್ 1100 ಹುಟ್ಟಿದ್ದು ಇಟಲಿಯ ಟ್ಯೂರಿನ್ ಊರಿನಲ್ಲಿ. ವಾಲಚಂದ್ ಹೀರಾಚಂದ್ ಕಟ್ಟಿದ ಪ್ರೀಮಿಯರ್ ಆಟೊಮೊಬೈಲ್ಸ್ ಅದನ್ನು 1954ರಿಂದ ಮುಂಬೈಯ ಕುರ್ಲಾದಲ್ಲಿ ಜೋಡಿಸತೊಡಗಿತು. ಅದಕ್ಕೆ ಸ್ವಲ್ಪ ಹಿಂದೆ, 1953ರಲ್ಲಿ, ಸುಂಕ ಆಯೋಗ ಒಂದು ಮಾತು ಹೇಳಿತ್ತು: ಹೊರಗಿನಿಂದ ಬಿಡಿಭಾಗ ತಂದು ಇಲ್ಲಿ ಬರೀ ಬೋಲ್ಟು ಬಿಗಿಯುವವರು ಬೇಡ, ಹಂತಹಂತವಾಗಿ ಇಲ್ಲೇ ತಯಾರಿಸುವವರು ಮಾತ್ರ ಇರಲಿ. ಜನರಲ್ ಮೋಟಾರ್ಸ್, ಫೋರ್ಡ್ ಎರಡೂ ಗಂಟುಮೂಟೆ ಕಟ್ಟಿದವು. ಉಳಿದವರಿಗೆ ಕಾರ್ಬುರೇಟರಿನಿಂದ ಹಿಡಿದು ಬ್ರೇಕಿನ ತನಕ ಎಲ್ಲವನ್ನೂ ನಮ್ಮಲ್ಲೇ ಮಾಡಿಸುವ ಕೆಲಸ ಬಿತ್ತು. ಮದರಾಸಿನ ಪಾಡಿಯಲ್ಲಿ ಲೂಕಾಸ್-ಟಿ.ವಿ.ಎಸ್., ಬ್ರೇಕ್ಸ್ ಇಂಡಿಯಾ, ನಮ್ಮ ಆಡುಗೋಡಿಯಲ್ಲಿ ಮೈಕೋ, ಹೀಗೆ ಒಂದೊಂದೇ ಕಾರ್ಖಾನೆ ಎದ್ದಿತು. 1964ರಲ್ಲಿ 1100ಡಿ ಎಂಬ ಮಾದರಿ ‘ಡಿಲೈಟ್’ ಎಂಬ ಹೆಸರಿನಲ್ಲಿ ಬಂತು. ಇಟಲಿಯವರು ಅದನ್ನು ಎರಡೇ ವರ್ಷದಲ್ಲಿ ಕೈಬಿಟ್ಟರು, ನಾವು ಬಿಡಲಿಲ್ಲ. ಫಿಯೆಟ್ ಜೊತೆಗಿನ ಒಪ್ಪಂದ ಮುಗಿದ ಮೇಲೆ ಅದೇ ಕಾರು ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು, 1974ರಲ್ಲಿ ಪದ್ಮಿನಿ ಆಯಿತು, ಇಪ್ಪತ್ತನೆಯ ಶತಮಾನ ಮುಗಿಯುವವರೆಗೂ ತಯಾರಾಯಿತು.

ಅಂದರೆ ನನ್ನ ಕಾರೇ ಒಂದು ನಕಲು. ಅಪ್ಪಣೆ ಪಡೆದು ಮಾಡಿದ ನಕಲು, ಅಪ್ಪಣೆಯ ಅವಧಿ ಮುಗಿದ ಮೇಲೂ ಮುಂದುವರಿದ ನಕಲು. ಅದಕ್ಕೆ ಹಾಕುವ ಬಿಡಿಭಾಗ ಅಸಲಿಯೋ ನಕಲಿಯೋ ಎಂದು ತಲೆ ಚಚ್ಚಿಕೊಳ್ಳುವ ನಾವು ಎಂಥವರು!

ಆದರೂ ಮೂಲವಾದಿಗಳು ಇದಕ್ಕೂ ಒಂದು ದಾರಿ ಕಂಡುಕೊಂಡಿದ್ದಾರೆ. ಎಂಬತ್ತರ ದಶಕದ ಪದ್ಮಿನಿಯ ಮೂತಿಯಿಂದ ಪ್ರೀಮಿಯರ್ ಲಾಂಛನ ಕಿತ್ತು, ಗುಜರಿಯಲ್ಲಿ ಸಿಕ್ಕ ಅರವತ್ತರ ದಶಕದ ‘ಫಿಯೆಟ್’ ಅಕ್ಷರಗಳನ್ನು ಕೂರಿಸುತ್ತಾರೆ. ಚಕ್ರದ ಬಟ್ಟಲು ಡಿಲೈಟಿನದು, ಸ್ಟೀರಿಂಗು ಅದಕ್ಕೂ ಹಿಂದಿನದು. ತೆತ್ತ ದುಡ್ಡಿಗೆ ಒಂದೊಂದೂ ನೂರಕ್ಕೆ ನೂರು ಅಸಲಿ. ಎಲ್ಲ ಸೇರಿ ನಿಂತ ಕಾರು ಮಾತ್ರ ಯಾವ ವರ್ಷದಲ್ಲೂ ಯಾವ ಕಾರ್ಖಾನೆಯಿಂದಲೂ ಹೊರಬಿದ್ದದ್ದಲ್ಲ. ಇನ್ನೊಬ್ಬರು, ಸೀಳಿಹೋದ ಟೇಲ್ ಲ್ಯಾಂಪಿನ ಗಾಜಿನ ಬದಲು ಲೋಕಲ್ ಗಾಜು ಹಾಕಿಸಿ, “ಇದು ಲೋಕಲ್” ಎಂದು ಬಾಯಿಬಿಟ್ಟು ಹೇಳುತ್ತಾರೆ. ಇಬ್ಬರಲ್ಲಿ ಯಾರ ಕಾರು ಹೆಚ್ಚು ಒರಿಜಿನಲ್ ಎಂದು ಕೇಳಿದರೆ ನನ್ನ ಓಟು ಲೋಕಲ್ ಗಾಜಿಗೆ.

ತತ್ತ್ವ ಅಲ್ಲಿಗಿರಲಿ. ತತ್ತ್ವಕ್ಕೆ ಬ್ರೇಕಿಲ್ಲ, ಕಾರಿಗೆ ಬೇಕು.

ಪದ್ಮಿನಿಗೆ ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು. ಪೆಡಲ್ ತುಳಿದರೆ ಮಾಸ್ಟರ್ ಸಿಲಿಂಡರಿನಿಂದ ಎಣ್ಣೆ ಒತ್ತಡದಲ್ಲಿ ಹೊರಟು, ಪ್ರತಿ ಚಕ್ರದಲ್ಲಿರುವ ವೀಲ್ ಸಿಲಿಂಡರಿಗೆ ನುಗ್ಗಿ, ಬ್ರೇಕ್ ಶೂಗಳನ್ನು ಅಗಲಿಸುತ್ತದೆ. ಆ ಎಣ್ಣೆ ಸೋರದ ಹಾಗೆ ಹಿಡಿದಿಡುವುದು ಹೆಬ್ಬೆರಳಿನ ಉಗುರಿನಷ್ಟಗಲದ ರಬ್ಬರ್ ಕಪ್ಪುಗಳು. ನನ್ನ ಪರಿಚಯದ ಒಬ್ಬ ಭಕ್ತರಿಗೆ ಈ ಕಪ್ಪುಗಳ ಹಳೇ ಸ್ಟಾಕ್ ಕಿಟ್ ಸಿಕ್ಕಿತು. ಹಳದಿಗಟ್ಟಿದ ಡಬ್ಬ, ಒಳಗೆ ಮೇಣದ ಕಾಗದ, ಕಾಗದದ ಮೇಲೆ ನೇರಳೆ ಶಾಯಿಯಲ್ಲಿ ಭಾಗದ ನಂಬರು. ಡಬ್ಬ ತೆರೆದಾಗ ಬಂದ ವಾಸನೆಗೇ ಅರ್ಧ ದುಡ್ಡು ಕೊಡಬಹುದಿತ್ತು. ನಮ್ಮ ಗ್ಯಾರೇಜಿನ ಮೇಸ್ತ್ರಿ ಅದರಲ್ಲೊಂದು ಕಪ್ಪನ್ನು ಎತ್ತಿಕೊಂಡು, ಎರಡು ಬೆರಳ ನಡುವೆ ಮೆಲ್ಲಗೆ ಹಿಚುಕಿ, ಅಂಚನ್ನು ಬೆಳಕಿಗೆ ಹಿಡಿದರು. ಅಂಚಿನ ತುಂಬ ಕೂದಲೆಳೆಯಷ್ಟು ಸಣ್ಣ ಬಿರುಕುಗಳು. “ಸಾರ್, ಇದನ್ನ ಪೂಜೇಲಿ ಇಟ್ಕೊಳ್ಳಿ. ಗಾಡಿಗೆ ಬೇಡ.”

ರಬ್ಬರು ಬಳಸಿದರಷ್ಟೇ ಸವೆಯುವ ವಸ್ತುವಲ್ಲ, ಸುಮ್ಮನೆ ಕೂತರೂ ಮುದಿಯಾಗುತ್ತದೆ. ಗಾಳಿಯ ಆಮ್ಲಜನಕ, ಓಜೋನು ಅದನ್ನು ಡಬ್ಬದೊಳಗೇ ತಿನ್ನುತ್ತಿರುತ್ತವೆ. ನಲವತ್ತು ವರ್ಷದ ಹಿಂದಿನ ಹೊಚ್ಚಹೊಸ ಕಪ್ಪೆಂದರೆ ನಲವತ್ತು ವರ್ಷದ ಕಪ್ಪೇ. ಹಾಗಾಗಿ ಬ್ರೇಕಿನ ಕಪ್ಪು, ಬ್ರೇಕ್ ಹೋಸು, ಟಯರು, ಪೆಟ್ರೋಲಿನ ಪೈಪು ಇವುಗಳಲ್ಲಿ ಒರಿಜಿನಲ್ ಎಂಬ ಹಟ ಹಿಡಿಯುವವರ ಕಾರಿನಲ್ಲಿ ನಾನು ಕೂರುವುದಿಲ್ಲ. ಅವರ ಹಿಂದೆಯೂ ಓಡಿಸುವುದಿಲ್ಲ, ಮುಂದೆಯಂತೂ ಮೊದಲೇ ಇಲ್ಲ.

ಪೆಟ್ರೋಲಿನ ಪೈಪಿನ ಮಾತು ಬಂದದ್ದರಿಂದ ಇನ್ನೊಂದು. ಈಗ ಬಂಕಿನಲ್ಲಿ ನಮಗೆ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು. ಪದ್ಮಿನಿಯನ್ನು ರೂಪಿಸಿದವರು ಇದನ್ನು ಕನಸಿನಲ್ಲೂ ಕಂಡಿರಲಿಲ್ಲ. ಎಥನಾಲ್ ಹಳೆಯ ಜಾತಿಯ ರಬ್ಬರನ್ನು ಊದಿಸುತ್ತದೆ, ಮೆತ್ತಗಾಗಿಸುತ್ತದೆ. ಗಾಳಿಯ ತೇವವನ್ನು ಎಳೆದುಕೊಂಡು ಟ್ಯಾಂಕಿನ ತಳದಲ್ಲಿ ತುಕ್ಕಿಗೆ ದಾರಿಮಾಡುತ್ತದೆ. ಎಂಜಿನ್ನಿನ ಪಕ್ಕಕ್ಕಿರುವ ಪೆಟ್ರೋಲ್ ಪಂಪಿನೊಳಗಿನ ಡಯಾಫ್ರಾಮ್ ಒರಿಜಿನಲ್ ಆಗಿದ್ದಷ್ಟೂ ಬೇಗ ಸೋರುತ್ತದೆ. ಸೋರಿದ ಪೆಟ್ರೋಲು ಬೀಳುವ ಜಾಗ ಬಿಸಿಯಾಗಿರುತ್ತದೆ ಎಂಬುದನ್ನು ವಿವರಿಸಬೇಕಿಲ್ಲ. ಇಲ್ಲಿ ಬೇಕಾದದ್ದು ಈ ಕಾಲದ ರಬ್ಬರು, ಎಥನಾಲಿಗೆ ಬಗ್ಗದ ರಬ್ಬರು. ಅದನ್ನು ನಕಲಿ ಎನ್ನುವುದಾದರೆ, ನಕಲಿಯೇ ಮೇಲು.

ಹಾಗೆಂದು ಹೊಸದೆಲ್ಲ ಚೆನ್ನ ಎಂದುಕೊಂಡರೆ ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ನೋಡಬೇಕು. ಅಲ್ಲಿ ಲೆಕ್ಕ ತಲೆಕೆಳಗು. ಅಲ್ಲಿನ ಪಾಯಿಂಟುಗಳು ತೆರೆದು ಮುಚ್ಚುವಾಗ ಅವುಗಳ ನಡುವೆ ಕಿಡಿ ಹಾರದ ಹಾಗೆ ನೋಡಿಕೊಳ್ಳುವುದು ಕಂಡೆನ್ಸರ್ ಎಂಬ ಕಿರುಬೆರಳಿನ ತುದಿಯಷ್ಟು ಲೋಹದ ಉರುಳೆ. ಹಳೆಯವು ವರ್ಷಗಟ್ಟಲೆ ಬದುಕುತ್ತಿದ್ದವು. ಈಗ ಬರುವ ಲೋಕಲ್ ಕಂಡೆನ್ಸರುಗಳ ಗುಣವೇನೆಂದರೆ, ತಣ್ಣಗಿರುವಾಗ ಬಂಗಾರ. ಬಿಸಿಯಾದರೆ ಮುನಿಸು. ಬೆಳಿಗ್ಗೆ ಗ್ಯಾರೇಜಿನಲ್ಲಿ ಪಲಕ್ಕೆಂದು ಸ್ಟಾರ್ಟ್ ಆಗುವ ಕಾರು ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಒಂದೆರಡು ಬಾರಿ ಕೆಮ್ಮಿ ಕೂತುಬಿಡುತ್ತದೆ. ಅರ್ಧ ಗಂಟೆ ತಣಿದ ಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತದೆ. ನೀವು ಕಾರ್ಬುರೇಟರ್ ಬಿಚ್ಚಿರುತ್ತೀರಿ, ಪೆಟ್ರೋಲು ಸೋಸಿರುತ್ತೀರಿ, ಪಂಪನ್ನು ಬೈದಿರುತ್ತೀರಿ. ರೋಟರ್ ಕೂಡ ಹಾಗೇ. ಒಳಗಿನ ಹಿತ್ತಾಳೆಯನ್ನು ಹಿಡಿದಿಡುವ ರಿವೆಟ್ಟಿನ ಮೂಲಕ ಕರೆಂಟು ಎಲ್ಲಿಗೋ ನುಸುಳಿಹೋಗುವ ರೋಟರುಗಳು ನಮ್ಮಲ್ಲಷ್ಟೇ ಅಲ್ಲ, ಇಂಗ್ಲೆಂಡಿನ ಹಳೇ ಕಾರಿನವರ ಬಾಯಲ್ಲೂ ಶಾಪ ತಿಂದಿವೆ. ಇಂಥ ಕಡೆ ಹಳೇ ಸ್ಟಾಕ್ ಸಿಕ್ಕರೆ ಕಣ್ಣಿಗೊತ್ತಿಕೊಂಡು ತರಬೇಕು.

ಸ್ಪಾರ್ಕ್ ಪ್ಲಗ್ಗಿನ ವಿಷಯದಲ್ಲಿ ಬೆಂಗಳೂರಿನವರಿಗೆ ಸ್ವಲ್ಪ ಜಂಬ ಸಲ್ಲುತ್ತದೆ. ‘ಮೈಕೋ’ ಎಂದು ಬರೆದ ಪ್ಲಗ್ಗು ಒಂದು ಕಾಲದಲ್ಲಿ ಇಡೀ ದೇಶದ ಎಂಜಿನ್ನುಗಳಲ್ಲಿತ್ತು. 1951ರಲ್ಲಿ ಶುರುವಾದ ಆ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು. ಮೈಕೋ ಲೇಔಟ್ ಮಾತ್ರ ಮೈಕೋ ಲೇಔಟಾಗಿಯೇ ಉಳಿದಿದೆ, ಅಲ್ಲಿನ ಪೊಲೀಸ್ ಠಾಣೆಯೂ. ಹಳೇ ಮೈಕೋ ಪ್ಲಗ್ಗುಗಳನ್ನು ಈಗ ಕೆಲವರು ಗಾಜಿನ ಬೀರುವಿನಲ್ಲಿಡುತ್ತಾರೆ. ಪ್ಲಗ್ಗು ಸವೆಯಲೆಂದೇ ಹುಟ್ಟಿದ ವಸ್ತು. ಅದನ್ನು ಬೀರುವಿನಲ್ಲಿಟ್ಟರೆ ಅದಕ್ಕೂ ಬೇಜಾರಾಗುತ್ತದೆ ಎಂದು ನನ್ನ ಅನುಮಾನ.

ಇನ್ನು ಕಣ್ಣಿಗೆ ಕಾಣುವ ಭಾಗಗಳು. ಬಂಪರು, ಬಾಗಿಲ ಹಿಡಿ, ಗ್ರಿಲ್ಲು, ದೀಪದ ಸುತ್ತಿನ ಬಳೆ. ಜಗಳ ಹೆಚ್ಚಿರುವುದು ಇಲ್ಲೇ, ಯಾಕೆಂದರೆ ಜನ ನೋಡುವುದು ಇವನ್ನೇ.

ಬಾಗಿಲ ಹಿಡಿಯನ್ನೇ ತೆಗೆದುಕೊಳ್ಳಿ. ಒಂದು ಅಂಗೈಯಲ್ಲಿ ಗುಜರಿಯಿಂದ ಬಂದ ಹಳೆಯದು, ಇನ್ನೊಂದರಲ್ಲಿ ಲೋಕಲ್. ಮೊದಲು ಗೊತ್ತಾಗುವುದು ತೂಕ. ಹಳೆಯದು ಸತುವಿನ ಮಿಶ್ರಲೋಹದ ಎರಕ, ಕೈ ಜಗ್ಗುತ್ತದೆ. ಹೊಸದನ್ನು ತಿರುಗಿಸಿದರೆ ಹೊಟ್ಟೆಯ ಭಾಗದಲ್ಲಿ ಅಚ್ಚಿನ ಎರಡು ಹೋಳು ಸೇರಿದ ಗೆರೆ ಉದ್ದಕ್ಕೂ ಹಾಗೇ ಉಳಿದಿರುತ್ತದೆ. ಉಗುರು ಎಳೆದರೆ ಸಿಕ್ಕಿಕೊಳ್ಳುತ್ತದೆ. ಹಳೆಯದರಲ್ಲಿ ಆ ಗೆರೆಯನ್ನು ಯಾರೋ ಕೂತು ಉಜ್ಜಿ ತೆಗೆದಿದ್ದಾರೆ. ಗುಂಡಿ ಒತ್ತಿದರೆ ಹಳೆಯದು ಕೊನೆಯವರೆಗೂ ಒಂದೇ ಸಮ ಬಿಗಿಯಲ್ಲಿ ಹೋಗಿ, ಹಿಂದಿರುಗುವಾಗ ‘ಟಕ್’ ಎನ್ನುತ್ತದೆ. ಹೊಸದು ಮಧ್ಯದಲ್ಲೊಮ್ಮೆ ತಡವರಿಸುತ್ತದೆ. ಆದರೆ ಹಳೆಯದರ ಮೈತುಂಬ ಸಿಡುಬಿನ ಕಲೆ. ಈ ಸತುವಿನ ಎರಕದ ಶಾಪವೇ ಅದು. ಲೇಪದ ಕೆಳಗೆ ನವೆದು, ಗುಳ್ಳೆ ಎದ್ದು, ಗುಂಡಿ ಬಿದ್ದಿರುತ್ತದೆ. ಉಜ್ಜಿ ಮತ್ತೆ ನಿಕ್ಕಲ್ ಮಾಡಿಸಲು ಹೋದರೆ ಗುಂಡಿಯ ಜೊತೆ ಆಕಾರವೂ ಉಜ್ಜಿಹೋಗುತ್ತದೆ.

ಉಕ್ಕಿನ ಬಂಪರಿಗೆ ಆ ಶಾಪವಿಲ್ಲ. ಅದನ್ನು ತಟ್ಟಿ ನೇರ ಮಾಡಬಹುದು, ಮತ್ತೆ ಲೇಪ ಹಾಕಿಸಬಹುದು. ಬಂಪರಿನ ಹೊಳಪಿನ ಗುಟ್ಟು ಮೇಲಿನ ಕ್ರೋಮಿಯಮ್ಮಿನಲ್ಲಿಲ್ಲ, ಅದರ ಕೆಳಗಿನ ನಿಕ್ಕಲಿನಲ್ಲಿದೆ. ಕ್ರೋಮಿಯಂ ಪದರ ಒಂದು ಮೈಕ್ರಾನಿಗಿಂತಲೂ ತೆಳು. ನೀರು ಉಕ್ಕಿಗಿಳಿಯದಂತೆ ತಡೆಯುವುದು ನಿಕ್ಕಲು, ಅದರ ಕೆಳಗೊಂದು ತಾಮ್ರ. ಅಗ್ಗದ ಲೋಕಲ್ ಬಂಪರಿನಲ್ಲಿ ಈ ಅಡಿಪಾಯಕ್ಕೇ ಕತ್ತರಿ. ಅಂಗಡಿಯಲ್ಲಿ ಎರಡೂ ಕನ್ನಡಿಯೇ, ಬೆಳ್ಳಗಿರುವುದೆಲ್ಲ ಹಾಲು. ಒಂದು ಮಳೆಗಾಲ ಕಳೆದು ನೋಡಿದರೆ ಹೊಸದರ ಮೇಲೆ ಕಂದು ಚುಕ್ಕೆಗಳು ಕಾಣಿಸಿರುತ್ತವೆ. ಮಂಗಳೂರು ಕಡೆಯಾದರೆ ಅಷ್ಟೂ ಕಾಯಬೇಕಿಲ್ಲ. ಹಾಗಾಗಿ ಬಂಪರು ಸೊಟ್ಟಗಿದ್ದರೂ ಹಳೆಯದನ್ನೇ ಹಿಡಿದುಕೊಂಡು, ಒಳ್ಳೆಯ ಪ್ಲೇಟಿಂಗಿನವರನ್ನು ಹುಡುಕುವುದು ಲೇಸು.

ಲೋಕಲ್ ಮಾಲು ಹೀಗೇಕೆ ಎಂದರೆ, ಅದು ನಮ್ಮಂಥ ಹುಚ್ಚರಿಗಾಗಿ ಹುಟ್ಟಿದ್ದಲ್ಲ. ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಗಳಿಗಾಗಿ ಹುಟ್ಟಿದ್ದು. ಸಾವಿರಾರು ಪದ್ಮಿನಿಗಳು ಹಗಲೂ ರಾತ್ರಿ ಓಡುತ್ತಿದ್ದ ಊರಿನಲ್ಲಿ ಚಾಲಕನಿಗೆ ಬೇಕಿದ್ದದ್ದು ಇವತ್ತು ಸಂಜೆಯೊಳಗೆ ಕೂರುವ, ಮುಂದಿನ ಎಫ್.ಸಿ. ತಪಾಸಣೆಯವರೆಗೆ ಬಾಳುವ ಮಾಲು. ಗೆರೆ ಉಜ್ಜಿದ ಬಾಗಿಲ ಹಿಡಿ ಅವನಿಗೆ ಯಾಕೆ? ಆ ಬೇಡಿಕೆ ಇದ್ದಷ್ಟು ದಿನ ಕಿಂಗ್‌ಪಿನ್ನು, ಬುಷ್ಷು, ಕ್ಲಚ್ ಪ್ಲೇಟು ಯಾವುದಕ್ಕೂ ಬರವಿರಲಿಲ್ಲ, ಕೆಟ್ಟ ಟ್ಯಾಕ್ಸಿಗಳಿಂದ ಗುಜರಿಯೂ ಧಾರಾಳವಾಗಿ ಬರುತ್ತಿತ್ತು. ಮುಂಬೈಯಲ್ಲಿ ಟ್ಯಾಕ್ಸಿಗೆ ಆಯಸ್ಸು 20 ವರ್ಷ. ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರಿನಲ್ಲಿ. 2023ರ ಅಕ್ಟೋಬರ್ ಕೊನೆಗೆ ಅದೂ ರಸ್ತೆಯಿಂದ ಇಳಿಯಿತು. ಪತ್ರಿಕೆಗಳೆಲ್ಲ ಕಣ್ಣೀರಿಟ್ಟು ಬರೆದವು. ನಮ್ಮ ಮೇಸ್ತ್ರಿ ಮಾತ್ರ, “ಇನ್ಮೇಲೆ ಡೋರ್ ಚಾನಲ್ ಎಲ್ಲಿಂದ ತರೋದು ಸಾರ್?” ಎಂದರು. ಶ್ರದ್ಧಾಂಜಲಿಗಳಲ್ಲಿ ನನಗೆ ಅತ್ಯಂತ ಪ್ರಾಮಾಣಿಕವೆನಿಸಿದ್ದು ಅದೇ.

ಇಂಗ್ಲೆಂಡಿನವರ ಅದೃಷ್ಟವೇ ಬೇರೆ. ಅಲ್ಲಿ ಎಂ.ಜಿ.ಬಿ. ಎಂಬ ಪುಟ್ಟ ಸ್ಪೋರ್ಟ್ಸ್ ಕಾರಿತ್ತು, 1980ರಲ್ಲಿ ನಿಂತುಹೋಯಿತು. ಎಂಟು ವರ್ಷ ಕಳೆದ ಮೇಲೆ, 1988ರಲ್ಲಿ, ಬ್ರಿಟಿಷ್ ಮೋಟಾರ್ ಹೆರಿಟೇಜ್ ಎಂಬ ಸಂಸ್ಥೆ ಮೂಲೆ ಸೇರಿದ್ದ ಹಳೇ ಅಚ್ಚುಗಳನ್ನೇ ಹುಡುಕಿ ತಂದು ಆ ಕಾರಿನ ಇಡೀ ದೇಹವನ್ನು ಹೊಸದಾಗಿ ಒತ್ತಿ ಮಾರತೊಡಗಿತು. ಮೂಲ ಅಚ್ಚು, ಮೂಲ ಅಳತೆ, ತಗಡು ಮಾತ್ರ ಹೊಸದು. ತುಕ್ಕು ತಿಂದ ಕಾರಿನ ಎಂಜಿನ್ನು, ಸೀಟು, ದೀಪ ಎಲ್ಲ ಬಿಚ್ಚಿ ಇದರೊಳಗೆ ಕೂರಿಸಿದರೆ ಆಯಿತು. ಈಗ ಹೇಳಿ, ಈ ದೇಹ ಅಸಲಿಯೋ ನಕಲಿಯೋ? ಅಚ್ಚು ಅಸಲಿ. ಹಾಗಾದರೆ ಕುರ್ಲಾದ ಅಚ್ಚಿನಲ್ಲಿ ಒತ್ತಿದ ಪದ್ಮಿನಿಯ ಬಾಗಿಲು? ಆ ಅಚ್ಚು ಬಂದದ್ದು ಇಟಲಿಯ ನಕ್ಷೆಯಿಂದ. ಈ ದಾರಿ ಹಿಡಿದರೆ ನಾಗಸೇನನ ಮನೆಗೇ ಹೋಗಿ ತಲುಪುತ್ತೇವೆ. ಮಿಲಿಂದ ರಾಜ ರಥವೇರಿ ಬಂದಾಗ ಆ ಭಿಕ್ಷು ಕೇಳಿದ್ದು ಇದೇ ತಾನೆ: ಅಚ್ಚು ರಥವೋ, ಚಕ್ರ ರಥವೋ, ನೊಗ ರಥವೋ? ರಾಜ ಎಲ್ಲಕ್ಕೂ ಅಲ್ಲ ಅಲ್ಲ ಎಂದು ಕೊನೆಗೆ ಸೋತ. ಪದ್ಮಿನಿ ಇಟ್ಟುಕೊಂಡವನಾಗಿದ್ದರೆ, “ಅದೆಲ್ಲ ಇರಲಿ ಸ್ವಾಮಿ, ಚಕ್ರದ ಬೇರಿಂಗು ಎಲ್ಲಿ ಸಿಗುತ್ತೆ ಹೇಳಿ” ಎನ್ನುತ್ತಿದ್ದ.

ದುಡ್ಡಿದ್ದವರ ಲೋಕದಲ್ಲಿ ಬಿಡಿಭಾಗವನ್ನು ಮುದ್ರಿಸಿಯೇ ಕೊಡುತ್ತಾರೆ. ಪೋರ್ಷೆ 959 ಎಂಬ ಕಾರು ತಯಾರಾದದ್ದೇ 292. ಅದರ ಕ್ಲಚ್ಚಿನ ಒಂದು ಸನ್ನೆ ದಾಸ್ತಾನಿನಲ್ಲಿ ಮುಗಿದಾಗ ಕಂಪನಿಯವರು ಎರಕದ ಅಚ್ಚು ಮಾಡಿಸುವ ಗೋಜಿಗೇ ಹೋಗದೆ, ಲೋಹದ ಪುಡಿಯನ್ನು ಲೇಸರಿನಿಂದ ಕರಗಿಸಿ ತ್ರೀಡಿ ಮುದ್ರಣದಲ್ಲಿ ತೆಗೆದರು. 2018ರಲ್ಲಿ ಅದನ್ನು ಪ್ರಕಟಿಸಿದರು. ನಮ್ಮ ಪೀಣ್ಯದಲ್ಲಿ ಇದಕ್ಕೆ ಬೇಕಾದ ಕೈಯೂ ಇದೆ, ಯಂತ್ರವೂ ಇದೆ. ಲೇತಿನ ಮುಂದೆ ನಿಂತವನಿಗೆ ಮಾದರಿ ತೋರಿಸಿದರೆ ಏನು ಬೇಕಾದರೂ ತೆಗೆದುಕೊಡುತ್ತಾನೆ. ಆದರೆ ಅವನ ಮೊದಲ ಪ್ರಶ್ನೆ, “ಎಷ್ಟು ಸಾವಿರ ಪೀಸು?” ಒಂದೇ ಸಾಕು ಎಂದರೆ ಟೀ ಕುಡಿಸಿ ಕಳಿಸುತ್ತಾನೆ.

ಅಸಲಿ ನಕಲಿಗಳ ನಡುವೆ ಇನ್ನೊಂದು ದಾರಿ ಇದೆ, ನನಗೆ ಅದರ ಮೇಲೇ ಪ್ರೀತಿ. ತುಕ್ಕಿನಿಂದ ಒಳಗೋಡೆ ಗುಂಡಿಬಿದ್ದ ವೀಲ್ ಸಿಲಿಂಡರನ್ನು ಎಸೆಯದೆ, ಲೇತಿಗೆ ಕೊಟ್ಟು ಸ್ವಲ್ಪ ಅಗಲ ಕೊರೆಸಿ, ಒಳಗೊಂದು ಸ್ಟೇನ್‌ಲೆಸ್ ಸ್ಲೀವ್ ಹಾಕಿಸುವುದು. ಹೊರಮೈ ಕಾರಿನ ಜೊತೆ ಬಂದದ್ದೇ, ಅದರ ಮೇಲಿನ ಎರಕದ ಅಕ್ಷರಗಳೂ ಅವೇ; ಒಳಗೆ ಉಜ್ಜುವ ಜಾಗ ಮಾತ್ರ ಹೊಸದು, ಮೂಲಕ್ಕಿಂತ ಗಟ್ಟಿ. ಸವೆದ ಬ್ರೇಕ್ ಶೂಗೆ ಹೊಸ ಲೈನರ್ ಹೊಡೆಸುವುದೂ ಇದೇ ವಿದ್ಯೆ. ಮೂಲವಾದಿಗಳಿಗೆ ಕಾಣುವುದು ಒರಿಜಿನಲ್, ಓಡಿಸುವವನಿಗೆ ಸಿಗುವುದು ಬ್ರೇಕು.

ಪೂರ್ತಿ ಹೊಸದರಂತೆ ಮಾಡಿಸುವ ಹುಚ್ಚು ಮಾತ್ರ ನನಗೆ ಇವೆಲ್ಲಕ್ಕಿಂತ ಭಯ ಹುಟ್ಟಿಸುತ್ತದೆ. ನಮ್ಮ ಊರುಗಳಲ್ಲಿ ದೇವಸ್ಥಾನಗಳ ಜೀರ್ಣೋದ್ಧಾರ ನೋಡಿದ್ದೀರಲ್ಲ? ಏಳುನೂರು ವರ್ಷದ ಕಲ್ಲುಕಂಬಕ್ಕೆ ಎನಾಮಲ್ ಬಳಿದು, ನೆಲಕ್ಕೆ ಜಾರುವ ಗ್ರಾನೈಟ್ ಹಾಸಿ, ದಾನಿಗಳ ಹೆಸರು ಕೆತ್ತಿಸುತ್ತಾರೆ. ಭಕ್ತಿಗೆ ಕೊರತೆಯಿಲ್ಲ, ಖರ್ಚಿಗೂ ಇಲ್ಲ; ಕಂಬ ಮಾತ್ರ ಹೋಯಿತು. ಕೆಲವು ಪದ್ಮಿನಿಗಳ ಗತಿಯೂ ಇದೇ. ಕಾರ್ಖಾನೆಯಲ್ಲೇ ಸೊಟ್ಟಗಿದ್ದ ಬಾಗಿಲ ಸಂದುಗಳನ್ನು ಪುಟ್ಟಿ ಮೆತ್ತಿ ದಾರ ಹಿಡಿದಂತೆ ನೇರ ಮಾಡಿ, ಕುರ್ಲಾದಲ್ಲಿ ಎಂದೂ ಕಾಣದ ಹೊಳಪಿನ ಬಣ್ಣ ಹೊಡೆದು, ಸೀಟಿಗೆ ಚರ್ಮ ಹೊದಿಸುತ್ತಾರೆ.

ಹೊರಗಿನ ಲೋಕದಲ್ಲಿ ಗಾಳಿ ತಿರುಗಿದೆ. ಕ್ಯಾಲಿಫೋರ್ನಿಯಾದ ಪೆಬಲ್ ಬೀಚಿನಲ್ಲಿ 1950ರಿಂದ ಹಳೇ ಕಾರುಗಳ ಸೌಂದರ್ಯ ಸ್ಪರ್ಧೆ ನಡೆಯುತ್ತಿದೆ. ಕನ್ನಡಿಯಂತೆ ಮಿಂಚುವ ಕಾರುಗಳಿಗೇ ಅಲ್ಲಿ ದೊಡ್ಡ ಬಹುಮಾನ ಎಂಬುದು ರೂಢಿ. 2024ರಲ್ಲಿ ಅದನ್ನು ಗೆದ್ದದ್ದು 1934ರ ಒಂದು ಬುಗಾಟಿ ಟೈಪ್ 59. ಒಂದು ಕಾಲಕ್ಕೆ ಬೆಲ್ಜಿಯಂ ದೊರೆ ಮೂರನೇ ಲಿಯೊಪೋಲ್ಡನ ಕಾರು. ಬಣ್ಣ ಬಿರಿದಿತ್ತು, ಅಲ್ಲಲ್ಲಿ ಉದುರಿತ್ತು, ಯಾರೂ ಅದನ್ನು ಮುಟ್ಟಿರಲಿಲ್ಲ. ಇದ್ದ ಹಾಗೇ ಉಳಿಸಿಕೊಂಡ ಕಾರೊಂದಕ್ಕೆ ಆ ಪಟ್ಟ ಸಿಕ್ಕಿದ್ದು ಅದೇ ಮೊದಲು. ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ ಹೊರಡಿಸಿದ ಸನ್ನದು ಕೂಡ ಇದನ್ನೇ ಹೇಳುತ್ತದೆ: ಆದಷ್ಟೂ ಇದ್ದದ್ದನ್ನು ಉಳಿಸಿ, ಬದಲಿಸಲೇಬೇಕಾದರೆ ಬದಲಿಸಿದ ಭಾಗಕ್ಕೆ ಅಳಿಯದ, ಆದರೆ ಕಣ್ಣಿಗೆ ಹೊಡೆಯದ ಒಂದು ಗುರುತು ಹಾಕಿ. ಆ ಸನ್ನದಿಗೆ ಟ್ಯೂರಿನ್ ಸನ್ನದು ಎಂದು ಹೆಸರು. ಫಿಯೆಟ್ ಹುಟ್ಟಿದ ಊರಿನಿಂದಲೇ ಬಂದ ಬುದ್ಧಿಮಾತು, ಪದ್ಮಿನಿಯವರು ಕೇಳಲೇಬೇಕು.

ನಮ್ಮ ಸರ್ಕಾರವೂ 2021ರ ಜುಲೈನಲ್ಲಿ ಒಂದು ನಿಯಮ ತಂದಿದೆ. 50 ವರ್ಷ ದಾಟಿದ, ಮೂಲರೂಪದಲ್ಲಿ ಉಳಿದ, ಚಾಸಿ, ಬಾಡಿ, ಎಂಜಿನ್ನು ಗಣನೀಯವಾಗಿ ಬದಲಾಗದ ವಾಹನಕ್ಕೆ ‘ವಿಂಟೇಜ್’ ಎಂಬ ಮಾನ್ಯತೆ, ‘ವಿಎ’ ಅಕ್ಷರಗಳುಳ್ಳ ನಂಬರು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೊಮ್ಮೆ ಮರುನೋಂದಣಿಗೆ 5,000. ಷರತ್ತೆಂದರೆ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. 1974ರ ಮೊದಲ ಪದ್ಮಿನಿಗಳಿಗೆ 2024ರಲ್ಲಿ ಈ ಅರ್ಹತೆ ಬಂತು. ತರಕಾರಿಗೂ ಅದೇ ಕಾರಿನಲ್ಲಿ ಹೋಗುವ ನನ್ನಂಥವರಿಗೆ ಈ ಗೌರವ ಬೇಡ. ಧರ್ಮಸ್ಥಳದ ಮಂಜೂಷಾ ಸಂಗ್ರಹದಲ್ಲಿ ನಿಂತ ಕಾರಿಗೆ ಬಿರಿದ ಟಯರು ಶೋಭೆ; ನಂದಿಬೆಟ್ಟ ಇಳಿಯುವ ಕಾರಿಗೆ ಅಲ್ಲ.

‘ಮೂಲರೂಪ’ ಎಂಬುದಕ್ಕೂ ಸ್ವಲ್ಪ ಸಡಿಲ ಬೇಕು. ಜರ್ಮನಿಯಲ್ಲಿ 30 ವರ್ಷ ದಾಟಿದ ಕಾರಿಗೆ ಎಚ್ ಅಕ್ಷರದ ನಂಬರು ಕೊಡುವಾಗ, ಆ ಕಾಲದಲ್ಲೇ ರೂಢಿಯಲ್ಲಿದ್ದ ಬದಲಾವಣೆಗಳನ್ನು ಒಪ್ಪುತ್ತಾರೆ. ಈ ಲೆಕ್ಕದಲ್ಲಿ ನನ್ನ ಕಾರಿನ ಡ್ಯಾಶ್‌ಬೋರ್ಡಿನ ಮೇಲಿರುವ ಪುಟ್ಟ ಫ್ಯಾನು, ಹಿಂಗಾಜಿನ ಪರದೆ, ಕ್ಯಾಸೆಟ್ಟು ನುಂಗುವ ಸ್ಟೀರಿಯೊ ಎಲ್ಲವೂ ಊರ್ಜಿತ. ಕಾರ್ಖಾನೆಯವರು ಕೊಟ್ಟದ್ದಲ್ಲ ನಿಜ. ಆದರೆ ಎಂಬತ್ತರ ದಶಕದಲ್ಲಿ ಪದ್ಮಿನಿ ಕೊಂಡು ಫ್ಯಾನು ಹಾಕಿಸದವರು ಯಾರಿದ್ದರು? ಮೂಲವಾದಿ ಮಿತ್ರರು ಅದನ್ನು ಕಿತ್ತುಹಾಕಲು ಹೇಳುತ್ತಲೇ ಇದ್ದಾರೆ. ಏಪ್ರಿಲ್ ತಿಂಗಳಿನಲ್ಲಿ ನನ್ನ ಕಾರು ಹತ್ತಿದರೆ ಮಾತ್ರ ಫ್ಯಾನನ್ನು ತಮ್ಮ ಕಡೆಗೇ ತಿರುಗಿಸಿಕೊಳ್ಳುತ್ತಾರೆ.

ಮೈಸೂರಿನ ಯೆಜ್ಡಿ ಬೈಕಿನವರ ಕಥೆಯನ್ನು ಇನ್ನೊಮ್ಮೆ ವಿಸ್ತಾರವಾಗಿ ಹೇಳಬೇಕು. ಅಲ್ಲಿ ಕಿಕ್ಕರೂ ಗೇರ್ ಲಿವರೂ ಒಂದೇ ಸರಳು. ಅದು ಲೋಕಲ್ ಆದರೆ ಎರಡು ಕೆಲಸವೂ ಒಟ್ಟಿಗೆ ಕೆಡುತ್ತವೆ. 1996ರಲ್ಲಿ ಕಾರ್ಖಾನೆ ಮುಚ್ಚಿದ ಮೇಲೂ ಆ ಬೈಕುಗಳನ್ನು ಓಡಿಸುತ್ತಿರುವವರ ಮುಂದೆ ನಮ್ಮ ಕಷ್ಟ ಕಷ್ಟವೇ ಅಲ್ಲ.

ಹಳೇ ಕಾರು ಕೊಳ್ಳಲು ಹೊರಟವರು ನನ್ನನ್ನು ಕೇಳಿದರೆ ಹೇಳುವುದು ಇಷ್ಟು: ಏನನ್ನು ಹಾಕಿಸುತ್ತೀರೋ ನಿಮ್ಮಿಷ್ಟ, ಬಿಚ್ಚಿದ್ದನ್ನು ಮಾತ್ರ ಎಸೆಯಬೇಡಿ. ಮುರಿದ ಹಿಡಿ, ಸುಟ್ಟ ರೋಟರು, ಹರಿದ ಬೀಡಿಂಗು, ಎಲ್ಲಕ್ಕೂ ಒಂದೊಂದು ಚೀಟಿ ಕಟ್ಟಿ, ಎಡವೋ ಬಲವೋ ಬರೆದು, ಗೋಣಿಚೀಲದಲ್ಲಿ ಹಾಕಿಡಿ. ಮನೆಯವರು ಕೇಳಿದರೆ ಚೀಲದಲ್ಲಿ ಏನಿದೆಯೆಂದು ಹೇಳಬೇಡಿ. ಲೇತಿನವನಿಗಾಗಲಿ ಪ್ಲೇಟಿಂಗಿನವನಿಗಾಗಲಿ ಬೇಕಾದ ಅಳತೆ ಇರುವುದು ಆ ಚೀಲದಲ್ಲೇ. ಅಟ್ಟದಿಂದ ಡಬ್ಬ ಇಳಿಸುವ ಮುಂಚೆ ಜೆ.ಸಿ. ರಸ್ತೆಯವರು ಕೂಡ ಕೈ ಚಾಚಿ ಕೇಳುತ್ತಾರಲ್ಲ, “ಸ್ಯಾಂಪಲ್ ತಂದಿದ್ದೀರಾ ಸಾರ್?”